ಮೌನಿ ಮಿಡತೆಗೆ ಸರ್ಟಿಫಿಕೇಟು

ನಮ್ಮ ಯಜಮಾನರು ಕಂಡುಹಿಡಿದ ಮೌನಿ ಮಿಡತೆ ಮೂರು ವಾರದಿಂದ ನಮ್ಮ ಊಟದ ಕೋಣೆಯಲ್ಲಿ ಕೂತು ಗಂಟಲು ಹರಿಯೋ ಹಾಗೆ ಕಿರುಚುತ್ತಿತ್ತು. ಗಂಟಲು ಅಂದೆನಾ? ತಪ್ಪಾಯಿತು. ಅದಕ್ಕೆ ಗಂಟಲಿಲ್ಲ, ರೆಕ್ಕೆಗೆ ರೆಕ್ಕೆ ಉಜ್ಜಿ ಕಿರುಚುತ್ತದೆ. ಇಂಥ ತಪ್ಪು ಮಾಡಿದರೆ ನಮ್ಮ ಮನೆಯಲ್ಲಿ ಊಟ ಅರ್ಧಕ್ಕೇ ನಿಂತು ಪಾಠ ಶುರುವಾಗುತ್ತದೆ, ಅದಕ್ಕೇ ನಾನೇ ತಿದ್ದಿಕೊಂಡೆ.

ಯಜಮಾನರಿಗೆ ಮ್ಯೂಸಿಯಂನ ಕೀಟ ವಿಭಾಗದಲ್ಲಿ ಕೆಲಸ. ಅಲ್ಲಿ ಎಲ್ಲರೂ ಅವರನ್ನು ಕರೆಯೋದು ಮೀಸೆ ಮೇಷ್ಟ್ರು ಅಂತ. ಅವರ ಮುಖದ ಮೇಲೆ ಒಂದು ಕೂದಲೂ ಇಲ್ಲ, ಮೀಸೆ ಇರೋದು ಅವರ ಹುಳಗಳಿಗೆ. ಮಿಡತೆಗಳಲ್ಲಿ ಗಿಡ್ಡ ಮೀಸೆಯವು ಒಂದು ಕುಲ, ಮೈಗಿಂತ ಉದ್ದ ಮೀಸೆಯವು ಇನ್ನೊಂದು ಕುಲ. ಈ ಉದ್ದ ಮೀಸೆಯವೇ ಪೊದೆಮಿಡತೆಗಳು. ಎಲೆ ಮೇಲೆ ಕೂತರೆ ಎಲೆ ಯಾವುದು, ಹುಳ ಯಾವುದು ಗೊತ್ತಾಗದಷ್ಟು ಹಸಿರು. ನಾನು ಅದೇ ವಿಭಾಗದಲ್ಲಿ ಚಿತ್ರ ಬರೆಯುವವಳು. ಸತ್ತ ಹುಳದ ಹೊಟ್ಟೆ ಬಗೆದು, ಹತ್ತಿ ತುಂಬಿ, ಬೆನ್ನಿಗೆ ಸೂಜಿ ಚುಚ್ಚಿ ಕೊಡುತ್ತಾರೆ. ಎಷ್ಟು ಜೋಪಾನ ಮಾಡಿದರೂ ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅಷ್ಟರೊಳಗೆ ನಾನು ಭೂತಗನ್ನಡಿ ಹಿಡಿದು ಕಾಲಿನ ಒಂದೊಂದು ಮುಳ್ಳನ್ನೂ ಬರೆದು ಮುಗಿಸಬೇಕು. ಆಫೀಸಿನಲ್ಲಿ ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಮನೆಯಲ್ಲಿ ನಾನು ಹೇಳುತ್ತೇನೆ, ಅವರು ಕೇಳುವುದಿಲ್ಲ. ಹೇಗೋ ಸಂಸಾರ ಸರಿದೂಗಿಕೊಂಡು ಹೋಗುತ್ತಿತ್ತು.

ಈ ಹುಳಗಳನ್ನು ವಿಂಗಡಿಸುವುದು ಇದೆಯಲ್ಲ, ಅದು ಮದುವೆ ಮನೆಯಲ್ಲಿ ನೆಂಟರನ್ನು ಗುರುತು ಹಿಡಿಯುವುದಕ್ಕಿಂತ ಕಷ್ಟ. ಎರಡು ಜಾತಿ ಪಕ್ಕಪಕ್ಕ ಇಟ್ಟರೆ ಅವಳಿಜವಳಿ. ಅದೇ ಬಣ್ಣ, ಅದೇ ಕಾಲು, ಅದೇ ಮುಳ್ಳು. ಹಾಡು ಮಾತ್ರ ಬೇರೆ. ಎಡ ರೆಕ್ಕೆಯ ಅಡಿಗೆ ಬಾಚಣಿಗೆ ಹಲ್ಲಿನಂಥ ಸಾಲು, ಬಲ ರೆಕ್ಕೆಗೆ ಗಟ್ಟಿ ಅಂಚು. ಒಂದನ್ನು ಇನ್ನೊಂದರ ಮೇಲೆ ಎಳೆದು ಗಂಡು ಹಾಡುತ್ತದೆ. ಹೆಣ್ಣಿಗೆ ಕಿವಿ ಎಲ್ಲಿ ಅಂತೀರಿ? ಮುಂಗಾಲಿನ ಮೊಣಕಾಲ ಕೆಳಗೆ, ಸಣ್ಣ ಸೀಳಿನ ಹಾಗೆ. ತನ್ನ ಜಾತಿಯ ಹಾಡು ಕೇಳಿದರೆ ಮಾತ್ರ ಅವಳು ಆ ಕಡೆ ಕಾಲು ಹಾಕುತ್ತಾಳೆ. ನಮ್ಮವರು ಹೆಸರು ಮಾಡಿದ್ದೂ ಕಿವಿಯಿಂದಲೇ. ಮದುವೆಯಾದ ಹೊಸದರಲ್ಲಿ ಸಂಜೆ ಕೈ ಹಿಡಿದು ನಡೆಯುತ್ತಿದ್ದವರು ಇದ್ದಕ್ಕಿದ್ದ ಹಾಗೆ ನನ್ನ ಕೈ ಬಿಟ್ಟು ಬೇಲಿಗೆ ಕಿವಿ ಹಚ್ಚುತ್ತಿದ್ದರು. "ಕೇಳು, ಇದು ಬೇಲಿಮಿಡತೆ. ಮೂರು ಸಲ ಚಿಕ್ಕದು, ಕೊನೇದು ಉದ್ದ," ಅನ್ನುತ್ತಿದ್ದರು. ನನಗೆ ಎಲ್ಲಾ ಒಂದೇ ಕರಕರೆ. ಹೊಸ ಹೆಂಡತಿ, ನಗುನಗುತ್ತಾ ಹೂಂ ಅನ್ನುತ್ತಿದ್ದೆ. ಹಳೇ ಹೆಂಡತಿಯಾದ ಮೇಲೆ ಹೂಂ ಅನ್ನುವುದನ್ನು ಬಿಟ್ಟೆ.

ಕೆಲವು ವರ್ಷದಿಂದ ಇವರಿಗೆ ಒಂದು ಕೊರಗು ಹತ್ತಿತ್ತು. ಊರಿನ ಬೇಲಿಗಳು ಖಾಲಿಯಾಗುತ್ತಿವೆಯಂತೆ. ಸಂಜೆ ನಡೆದು ಬಂದವರು ಚಪ್ಪಲಿ ಬಿಡುವ ಮೊದಲೇ "ಅದೂ ಹೋಯ್ತು ಕಣೇ" ಅನ್ನುತ್ತಿದ್ದರು, ಹತ್ತಿರದವರು ಯಾರೋ ತೀರಿಕೊಂಡ ಹಾಗೆ. ಮ್ಯೂಸಿಯಂನ ಪಟ್ಟಿಯಲ್ಲೂ ಹೋಯಿತು ಅಂತಲೇ ಬರೆಯುತ್ತಿದ್ದರು. ಕಡೆಗೆ ಎಲ್ಲಕ್ಕಿಂತ ಸಾಮಾನ್ಯವಾದ ಬೇಲಿಮಿಡತೆಯೂ ಹೋಯಿತು. ಅವತ್ತು ಊಟ ಮಾಡಲಿಲ್ಲ. ಹೊರಗೆ ಬೇಲಿಯಲ್ಲಿ ಏನೋ ಕರಕರ ಅನ್ನುತ್ತಲೇ ಇತ್ತು. ಅದು ಬೇರೆ ಯಾವುದೋ ಇರಬೇಕು ಅಂದುಕೊಂಡು ಸುಮ್ಮನಾದೆ. ವಿಂಗಡಿಸುವುದು ಅವರ ಕೆಲಸ, ಬೈಯುವುದು ನನ್ನದು.

ಈ ಸಲ ಮ್ಯೂಸಿಯಂ ಕಾಂಪೌಂಡಿನ ಬೇಲಿಯಲ್ಲಿ ಇವರಿಗೆ ಒಂದು ಗಂಡು ಸಿಕ್ಕಿತು. ಬೇಲಿಮಿಡತೆಯದೇ ತದ್ರೂಪು. ರೆಕ್ಕೆಯಲ್ಲಿ ಹಲ್ಲಿದೆ, ಅಂಚಿದೆ, ಉಜ್ಜುತ್ತಲೂ ಇದೆ, ಆದರೆ ಸದ್ದಿಲ್ಲ! ಹಳೇ ರೆಕಾರ್ಡಿಂಗ್ ಮಿಷನ್ ತಂದಿಟ್ಟರು. ಸದ್ದು ಅಳೆಯುವ ಅದರ ಮುಳ್ಳು ಎಗರಿ ಎಗರಿ ಬಿತ್ತು. ಮಿಷನ್ ಕೆಟ್ಟಿದೆ ಅಂತ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಆಮೇಲೆ ಒಂದು ಸಿದ್ಧಾಂತ ಹುಟ್ಟಿತು. ಹಾಡುವ ಮಿಡತೆಯನ್ನು ಬಾವಲಿ ಸದ್ದು ಹಿಡಿದು ಬಂದು ತಿನ್ನುತ್ತದೆ. ಹಾಡಿದವೆಲ್ಲ ಸತ್ತವು, ತೆಪ್ಪಗಿದ್ದವು ಉಳಿದವು. ಅದೇ ಹೊಸ ಜಾತಿ, ಮೌನಿ ಮಿಡತೆ. ಈ ಸಿದ್ಧಾಂತ ನಮ್ಮ ನಿರ್ದೇಶಕರಿಗೆ ಎಷ್ಟು ಹಿಡಿಸಿತು ಅಂದರೆ, ಬಾಯಿ ಮುಚ್ಚಿಕೊಂಡಿರುವವನೇ ಉಳಿಯುತ್ತಾನೆ ಅನ್ನುವುದನ್ನು ಕೀಟಗಳೂ ಒಪ್ಪಿವೆ ಅಂತ ಅವತ್ತೇ ಸ್ಟಾಫ್ ಮೀಟಿಂಗ್‌ನಲ್ಲಿ ಹೇಳಿಬಿಟ್ಟರು.

ಹೊಸ ಜಾತಿಗೆ ಹೆಸರು ಬೇಕಲ್ಲ. ಇಷ್ಟು ವರ್ಷ ಇವರು ತಮ್ಮ ಗುರುಗಳ ಹೆಸರಿಟ್ಟರು, ಗುರುಗಳ ಗುರುಗಳ ಹೆಸರಿಟ್ಟರು, ಒಂದು ಸಲ ಜೀಪ್ ಡ್ರೈವರ್ ಹೆಸರೂ ಇಟ್ಟರು. ಈಗ ನನ್ನ ಹೆಸರಂತೆ.

"ಮಾತೇ ಆಡದ ಹುಳಕ್ಕೆ ನನ್ನ ಹೆಸರಾ?" ಅಂದೆ.

"ಆಸೆ ಅಂತ ಒಂದಿರಲ್ವೇನೇ ಮನುಷ್ಯನಿಗೆ," ಅಂದರು.

ನಕ್ಕು ಸಾಕಾಯಿತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹಿಗ್ಗಿಹೋಗಿದ್ದೆ.

ಆ ಗಂಡು, ಅದೇ ಬೇಲಿಯಲ್ಲಿ ಸಿಕ್ಕ ಒಂದು ಹೆಣ್ಣು, ಹಿಡಿದ ಬೇರೆ ಹುಳಗಳು ಎಲ್ಲವನ್ನೂ ಮನೆಗೆ ತಂದರು. ಊಟದ ಕೋಣೆಯ ಗೋಡೆಗೆ ಸಾಲಾಗಿ ಬಲೆಯ ಪಂಜರ, ಮೇಲೆ ಬಟ್ಟೆ. ಯಾವುದರಲ್ಲಿ ಯಾವುದಿದೆ ಅಂತ ನಾನು ಕೇಳಲೂ ಇಲ್ಲ. ಅದರಲ್ಲೊಂದು ಮುಸ್ಸಂಜೆಯಾದರೆ ಸಾಕು, ಕಿವಿಗೆ ಸೂಜಿ ಇಳಿಸಿದ ಹಾಗೆ ಶುರು ಹಚ್ಚಿಕೊಳ್ಳುತ್ತಿತ್ತು.

"ರೀ, ಈ ಗಲಾಟೆ ತಡೆಯೋಕಾಗಲ್ಲ. ಆಚೆ ಇಡಿ."

"ಯಾವ ಗಲಾಟೆ?"

ಜಾಣ ಕಿವುಡು! ಗ್ಯಾಸ್ ಮುಗಿದಿದೆ ಅಂದರೂ, ನಲ್ಲಿ ಸೋರುತ್ತಿದೆ ಅಂದರೂ ಇದೇ ಮುಖ ಮಾಡುವ ಗಂಡಸು. ಇದೂ ಹಾಗೇ ಅಂತ ತಿಳಿದು ನಾನು ಕಿವಿಗೆ ಹತ್ತಿ ತುರುಕಿಕೊಂಡೆ. ಹತ್ತಿಗೇನು, ಹುಳದ ಹೊಟ್ಟೆಗೆ ತುಂಬಲು ತಂದದ್ದು ಮನೆ ತುಂಬಾ ಇತ್ತು.

ಹೊಸ ಜಾತಿಯನ್ನು ಲೋಕಕ್ಕೆ ಸಾರುವ ದಿನ ಗೊತ್ತಾಯಿತು. ದೊಡ್ಡ ಹಾಲ್‌ನಲ್ಲಿ ಸಮಾರಂಭ, ವೇದಿಕೆ ಮೇಲೆ ಜೀವಂತ ಹುಳ, ಸುತ್ತಲಿನ ಕಾಲೇಜುಗಳಿಂದ ಇನ್ನೂರು ವಿದ್ಯಾರ್ಥಿಗಳು. ಅದಕ್ಕೆ ಹಿಂದಿನ ದಿನ ಮಧ್ಯಾಹ್ನ ಮೌನ ಪರೀಕ್ಷೆ. ಹುಳ ನಿಜವಾಗಿ ಮೌನಿಯೋ ಅಲ್ಲವೋ ಅಂತ ಮೂವರು ಹಿರಿಯರು ಕೇಳಿ ಸಹಿ ಹಾಕಬೇಕು. ಒಬ್ಬರು ನಿರ್ದೇಶಕರು, ಜೀವಮಾನವಿಡೀ ಮೀನು ನೋಡಿದವರು. ಇನ್ನೊಬ್ಬರು ಹಾವಿನವರು. ಮೂರನೆಯವರು ಚಿಟ್ಟೆಯವರು. ನಮ್ಮವರ ತಪ್ಪು ಹಿಡಿಯುವುದಕ್ಕೆ ಇಪ್ಪತ್ತು ವರ್ಷದಿಂದ ಹೊಂಚು ಹಾಕಿ ಕೂತ ಆಸಾಮಿ. ಮೂವರಲ್ಲಿ ಅರವತ್ತರ ಕೆಳಗಿನವರು ಯಾರೂ ಇಲ್ಲ. ಮೀನು, ಹಾವು, ಚಿಟ್ಟೆ ಈ ಮೂರರಲ್ಲಿ ಒಂದಾದರೂ ಇವರ ಜೊತೆ ಯಾವತ್ತಾದರೂ ಮಾತಾಡಿದ್ದುಂಟೇ?

ಸಭೆ ಕೋಣೆಗೆ ಕರಿ ಪರದೆ ಎಳೆದು ಮಧ್ಯಾಹ್ನವನ್ನೇ ಸಂಜೆ ಮಾಡಿದರು. ಫ್ಯಾನ್ ನಿಲ್ಲಿಸಿದರು. ಒಂದು ಸಣ್ಣ ಕೆಂಪು ದೀಪ ಮಾತ್ರ. ಹುಳ ಕೂರುವ ಭಂಗಿ ಬರೆಯಲಿ ಅಂತ ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದರು. ಇವರು ಪಂಜರದ ಬಟ್ಟೆ ತೆಗೆದರು. ಒಳಗೆ ಒಂದೇ ಒಂದು ಹುಳ. ಸ್ವಲ್ಪ ಹೊತ್ತು ಮೀಸೆ ಆಡಿಸಿತು. ಆಮೇಲೆ ರೆಕ್ಕೆ ಎತ್ತಿ ಶುರು ಮಾಡಿತು ನೋಡಿ!

ಊಟದ ಕೋಣೆಯ ಅದೇ ಸೂಜಿ. ನನ್ನ ಹಲ್ಲು ಜುಮ್ಮೆಂದಿತು. ಪೆನ್ಸಿಲ್ ಕೆಳಗೆ ಬಿತ್ತು. ಈ ಮೂವರೂ ಕಣ್ಣು ಮುಚ್ಚಿ, ಕತ್ತು ಚಾಚಿ, ಉಸಿರು ಬಿಗಿಹಿಡಿದು ಮೌನವನ್ನು ಆಲಿಸುತ್ತಾ ಕೂತಿದ್ದಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ, ಇಲ್ಲಿ ಕೋಣ ಮೂರು. ಚಿಟ್ಟೆಯವರಂತೂ ಎಲ್ಲಿ ಒಂದು ಸಣ್ಣ ಸದ್ದು ಸಿಕ್ಕೀತೋ ಅಂತ ಪಂಜರಕ್ಕೆ ಕಿವಿ ತಾಗಿಸಿದರು. ಸಿಗಲಿಲ್ಲ. ಮುಖ ಸಪ್ಪೆಯಾಯಿತು. ನಿರ್ದೇಶಕರು ಕಣ್ಣು ಬಿಟ್ಟು, "ಆಹಾ! ಎಂಥ ಶಾಂತಿ!" ಅಂದರು.

ಮೊದಲು ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಆಮೇಲೆ ಯಜಮಾನರ ಮುಖ ನೋಡಿದೆ. ಆ ಕೆಂಪು ಬೆಳಕಿನಲ್ಲಿ ಅವರು ಆ ಹುಳವನ್ನೇ ನೋಡುತ್ತಿದ್ದರು, ಒಂದು ಚೂರೂ ಕೇಳಿಸದೆ. ನನ್ನ ನಗು ಅಲ್ಲೇ ಸತ್ತಿತು. ಜಾಣ ಕಿವುಡಲ್ಲ ಇದು. ಬರೀ ಕಿವುಡು. ನನ್ನ ಮಾತು ಕೇಳುತ್ತೆ, ಬಸ್ಸಿನ ಹಾರ್ನ್ ಕೇಳುತ್ತೆ, ಅಷ್ಟು ಏರಿದ ಕೀರಲು ಸ್ವರ ಮಾತ್ರ ವಯಸ್ಸಾದಂತೆ ಅವರ ಪಾಲಿಗೆ ಮುಗಿದುಹೋಗಿದೆ. ನಾಳೆ ಆ ಹಾಲ್‌ನಲ್ಲಿ ಇನ್ನೂರು ಎಳೇ ಕಿವಿಗಳು. ಮೌನಿ ಅಂತ ಇವರು ತೋರಿಸುತ್ತಿರುವಾಗಲೇ ಅದು ಕಿರುಚುತ್ತದೆ. ಆಮೇಲೆ ಮೀಸೆ ಮೇಷ್ಟ್ರನ್ನು ಹುಡುಗರು ಸಾಯೋತನಕ ಆಡಿಕೊಳ್ಳುತ್ತಾರೆ. ಹೇಳಿದರೆ ಇವರಿಗೆ ಕೆಲಸವೇ ಇಲ್ಲ, ಹೇಳದಿದ್ದರೆ ಮಾನವೇ ಇಲ್ಲ.

ಮೂವರೂ ಸಹಿ ಹಾಕಿ ಚಹಾಕ್ಕೆ ಹೋದರು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಹೇಳಿದೆ. "ರೀ, ಅದು ಹಾಡುತ್ತೆ. ನಿಮಗೆ ಕೇಳಿಸ್ತಿಲ್ಲ."

"ಏನಂದೆ?"

"ನೋಡಿದ್ರಾ! ಮೌನಿ ಮಿಡತೆ ಕಿರುಚುತ್ತೆ ಅಂದೆ. ನಿಮ್ಮ ಕಿವಿ ಹೋಗಿದೆ ಅಂದೆ."

ಕೆಂಡಾಮಂಡಲವಾದರು. "ಕಿವಿಯಿಂದಲೇ ಇಡೀ ಊರಿನ ಮಿಡತೆ ವಿಂಗಡಿಸಿದವನು ನಾನು. ಮೂರು ಜನ ದೊಡ್ಡವರು ಸಹಿ ಹಾಕಿದಾರೆ. ಎರಡು ಹಾಡಿಗೆ ವ್ಯತ್ಯಾಸ ಗೊತ್ತಿಲ್ಲದ ನೀನು ನನಗೆ ಹೇಳ್ತೀಯಾ?"

"ಆ ದೊಡ್ಡವರ ಕಿವಿ ನಿಮಗಿಂತ ಹಳೇದು. ಒಂದು ಹೇಳಿ, ಗಂಡು ಮೌನಿಯಾದರೆ ಹೆಣ್ಣಿಗೆ ಎರಡೂ ಮೊಣಕಾಲಲ್ಲಿ ಕಿವಿ ಯಾಕೆ? ನಾನೇ ಬರೆದಿದ್ದೀನಿ ಆ ಕಿವಿಗಳನ್ನ. ಯಾರ ಮಾತು ಕೇಳೋಕೆ ಇಟ್ಕೊಂಡಿದಾಳೆ?"

"ಬಾವಲಿ ಬಂದರೆ ಗೊತ್ತಾಗಲಿ ಅಂತ," ಅಂದರು ತಟ್ಟನೆ. ಕಿವಿ ಹೋದರೂ ವಾದ ಹೋಗಿರಲಿಲ್ಲ.

ನನಗೆ ರೇಗಿಹೋಯಿತು. ಊಟದ ಮೇಜಿನ ಮೇಲಿನ ಪಾತ್ರೆಯೆಲ್ಲ ತೆಗೆದು ಬದಿಗಿಟ್ಟೆ. ಮೇಜಿನ ಒಂದು ತುದಿಗೆ ಪರೀಕ್ಷೆ ಮುಗಿಸಿ ನಮ್ಮ ಜೊತೆ ವಾಪಸ್ ಬಂದ ಮೌನಿ ಮಹಾಶಯನ ಪಂಜರ, ಅದರ ಮುಂದೆ ದಿಂಬಿನ ಕವರ್ ಅಡ್ಡ. ಇನ್ನೊಂದು ತುದಿಗೆ ಹೆಣ್ಣನ್ನು ಬಿಟ್ಟೆ. ಬಾಲದಲ್ಲಿ ಕತ್ತಿಯ ಹಾಗೆ ಮೊಟ್ಟೆ ಇಡುವ ಕೊಳವೆ, ಠೀವಿಯೇನು ಕಡಿಮೆಯಿಲ್ಲ. ದೀಪ ಆರಿಸಿದೆ. ಕಿಟಕಿಯಿಂದ ಬರುತ್ತಿದ್ದ ಸಂಜೆ ಬೆಳಕು ಮಾತ್ರ ಉಳಿಯಿತು.

ಸ್ವಲ್ಪ ಹೊತ್ತಿಗೆ ಗಂಡು ಶುರು ಮಾಡಿತು. ನಾನು ಬಾಯಿ ಬಿಡಲಿಲ್ಲ. ಹೆಣ್ಣು ನಿಂತಲ್ಲೇ ಒಂದು ಮುಂಗಾಲು ಎತ್ತಿತು, ಇನ್ನೊಂದು ಎತ್ತಿತು. ಆಮೇಲೆ ಸೀದಾ ಮೇಜಿನ ಉದ್ದಕ್ಕೂ ನಡೆದು ದಿಂಬಿನ ಕವರ್ ಹತ್ತಿ ನಿಂತಿತು. ಇವರು ಅವಳನ್ನು ಎತ್ತಿ ಹಿಂದಕ್ಕೆ ಬಿಟ್ಟರು. ಪಂಜರವನ್ನು ಕಿಟಕಿಯ ಕಡೆಗಿಟ್ಟರು. ಅವಳು ತಿರುಗಿ ಕಿಟಕಿಯ ಕಡೆ ಹೊರಟಳು. ಕಡೆಗೆ ಇವರು ಪಂಜರದೊಳಗೆ ಕೈ ಹಾಕಿ ಒಂದು ಬೆರಳಿನಿಂದ ಗಂಡಿನ ರೆಕ್ಕೆ ಮೆಲ್ಲಗೆ ಒತ್ತಿ ಹಿಡಿದರು. ಸದ್ದು ನಿಂತಿತು. ಹೆಣ್ಣೂ ನಿಂತಳು, ಮೇಜಿನ ನಡುವೆ, ಒಂದು ಕಾಲೆತ್ತಿಕೊಂಡು.

ಬೆರಳು ತೆಗೆದರು. ಅವಳು ಮತ್ತೆ ನಡೆದಳು.

"ಅವಳಿಗೆ ಕೇಳಿಸ್ತಿದೆ," ಅಂದರು.

ಕುರ್ಚಿಯಲ್ಲಿ ಕುಸಿದು ಕೂತರು. "ಹಾಗಾದ್ರೆ ಹೊರಗೆ ಬೇಲಿಯಲ್ಲಿ... ಹೋದವು ಅಂತ ಬರೆದೆನಲ್ಲ..." ಅಂದರು.

"ಇದಾವೆ ರೀ. ಎಲ್ಲಾ ಇದಾವೆ. ಒಂದೂ ಹೋಗಿಲ್ಲ."

ಇದನ್ನು ಕೇಳಿ ಸಂತೋಷಪಡುತ್ತಾರೆ ಅಂದುಕೊಂಡಿದ್ದೆ, ಪೆದ್ದಿ ನಾನು. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾಳೆ ಜ್ವರ ಅಂತ ಹೇಳಿಬಿಡೋಣ, ಹುಳ ಸತ್ತುಹೋಯ್ತು ಅಂತ ಹೇಳಿಬಿಡೋಣ, ಬೇಕಾದರೆ ನಾನೇ ಕತ್ತು ಹಿಚುಕುತ್ತೀನಿ ಅಂತೆಲ್ಲ ಹೇಳಿದೆ. ಒಂದೂ ಕೇಳಿಸದವರ ಹಾಗೆ ಎದ್ದು ಪಂಜರಕ್ಕೆ ಬಟ್ಟೆ ಹೊದಿಸಿದರು. ಇದು ಮಾತ್ರ ನಿಜವಾದ ಜಾಣ ಕಿವುಡು.

ಬೆಳಿಗ್ಗೆ ಎದ್ದು ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಪಂಜರ ಎತ್ತಿಕೊಂಡು ಹೊರಟೇಬಿಟ್ಟರು. ಏನು ಮಾಡುತ್ತೀರಿ ಅಂದರೆ, "ಬಾ" ಅಂದರು ಅಷ್ಟೇ. ನಾನು ದಾರಿಯುದ್ದಕ್ಕೂ ಹುಳಕ್ಕೆ ಶಾಪ ಹಾಕುತ್ತಾ ಹಿಂದೆ ನಡೆದೆ.

ಹಾಲ್ ತುಂಬಿತ್ತು. ವೇದಿಕೆ ಮೇಲೆ ಮೂವರು ತೀರ್ಪುಗಾರರು, ಅವರ ಹಿಂದೆ ದೊಡ್ಡ ಬ್ಯಾನರ್. ಅದರಲ್ಲಿ ನಾನು ಬರೆದ ಚಿತ್ರ, ಕೆಳಗೆ 'ಮೌನಿ ಮಿಡತೆ' ಅಂತ, ಅದರ ಪಕ್ಕ ಹುಳಕ್ಕೆ ಇಟ್ಟ ನನ್ನ ಹೆಸರು. ಹಾಲ್‌ನ ದೀಪ ತಗ್ಗಿಸಿ, ಪಂಜರದ ಬಟ್ಟೆ ತೆಗೆದು, ಅದರ ಪಕ್ಕ ಒಂದು ಮೈಕ್ ಇಟ್ಟರು. ಮೌನ ಎಲ್ಲರಿಗೂ ಚೆನ್ನಾಗಿ ಕೇಳಿಸಲಿ ಅಂತ ಇರಬೇಕು. ನಿರ್ದೇಶಕರು ಭಾಷಣ ಶುರು ಮಾಡಿದರು. "ಮಾತು ಬೆಳ್ಳಿ, ಮೌನ ಬಂಗಾರ ಅಂತ ಹಿರಿಯರು ಹೇಳಿದ್ದಾರೆ..."

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಲೂ ಹಿರಿಯರು ಹೇಳಿದ್ದಾರೆ. ಹುಳಕ್ಕೆ ಈ ಎರಡನೆಯದು ಗೊತ್ತಿತ್ತು. ರೆಕ್ಕೆ ಎತ್ತಿತು. ಮೈಕ್‌ನಲ್ಲಿ ಹಾಲ್ ಹರಿದುಹೋಗುವ ಹಾಗೆ ಬಂತು ಸದ್ದು. ಮುಂದಿನ ಸಾಲಿನ ಹುಡುಗಿಯರು ಕಿವಿ ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಹಾಲೇ ನಗತೊಡಗಿತು. ನಿರ್ದೇಶಕರು ಮೇಜು ಕುಟ್ಟಿ, "ಸೈಲೆನ್ಸ್! ಈ ಕೀಟವನ್ನು ನೋಡಿಯಾದರೂ ಸುಮ್ಮನಿರೋದು ಕಲೀರಿ!" ಅಂದರು. ನಗು ಇನ್ನೂ ಜೋರಾಯಿತು.

ಯಜಮಾನರು ಎದ್ದರು. ನಿರ್ದೇಶಕರ ಕೈಯಿಂದ ಮೈಕ್ ತೆಗೆದುಕೊಂಡರು.

"ಈ ಹುಳದ ಸದ್ದು ಯಾರ್ಯಾರಿಗೆ ಕೇಳಿಸ್ತಿದೆಯೋ ಕೈ ಎತ್ತಿ," ಅಂದರು.

ಇನ್ನೂರು ಕೈ ಮೇಲೆ ಹೋದವು. ಮೂಲೆಯಲ್ಲಿ ನಿಂತಿದ್ದ ನಾನೂ ಎತ್ತಿದೆ. ವೇದಿಕೆ ಮೇಲಿನ ಮೂವರೂ ಮುಖ ಮುಖ ನೋಡಿಕೊಂಡರು. ನಿನ್ನೆ ಮಧ್ಯಾಹ್ನ ಮೌನಕ್ಕೆ ಸಹಿ ಹಾಕಿದ ಮಹನೀಯರು! ಮೊದಲು ಚಿಟ್ಟೆಯವರ ಕೈ ಮೆಲ್ಲಗೆ ಕಿವಿತನಕ ಬಂತು, ಆಮೇಲೆ ತಲೆಯ ಮೇಲೆ ಹೋಯಿತು. ಹಾವಿನವರದು ಅದರ ಹಿಂದೆಯೇ. ನಿರ್ದೇಶಕರು ಎಲ್ಲರಿಗಿಂತ ಎತ್ತರಕ್ಕೆ ಎತ್ತಿದರು, ಕುರ್ಚಿಗೆ ತಕ್ಕ ಹಾಗೆ. ಆ ಹಾಲ್‌ನಲ್ಲಿ ಕೈ ಎತ್ತದೆ ನಿಂತಿದ್ದವರು ನಮ್ಮವರೊಬ್ಬರೇ.

"ನನಗೆ ಕೇಳಿಸ್ತಿಲ್ಲ," ಅಂದರು. "ಇದು ಹೊಸ ಜಾತಿಯಲ್ಲ. ಹಳೇ ಬೇಲಿಮಿಡತೆ. ಅದು ಯಾವತ್ತೂ ಸುಮ್ಮನಾಗಿರಲಿಲ್ಲ. ಹೋಗಿದ್ದು ನನ್ನ ಕಿವಿ. ಬೇಲಿಯಲ್ಲಿ ಇಲ್ಲ ಅಂತ ನಾನು ಬರೆದ ಜಾತಿಗಳನ್ನೆಲ್ಲ ಇನ್ನು ನೀವು ಕೇಳಿ ತಿದ್ದಬೇಕು. ನನ್ನಿಂದಾಗಲ್ಲ."

ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಹುಳ ಒಂದೇ ಹಾಡುತ್ತಿತ್ತು.

ಆಮೇಲೆ ಚಹಾದ ಹೊತ್ತಿಗೆ ಚಿಟ್ಟೆಯವರು, "ನನಗೆ ನಿನ್ನೆಯೇ ಸ್ವಲ್ಪ ಅನುಮಾನ ಇತ್ತು," ಅಂತ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ನಿರ್ದೇಶಕರು, ಮೂವರು ಸಹಿ ಹಾಕಿದ ಸರ್ಟಿಫಿಕೇಟನ್ನು ರದ್ದು ಮಾಡುವ ಕ್ರಮವೇ ನಮ್ಮಲ್ಲಿಲ್ಲ ಅಂದರು. ಅದು ಇವತ್ತಿಗೂ ಅವರ ಕೋಣೆಯಲ್ಲಿ ಫ್ರೇಮಿನಲ್ಲಿದೆ. ಬ್ಯಾನರ್ ಮಡಚಿ ಉಗ್ರಾಣಕ್ಕೆ ಹಾಕಿದರು. ಅದರ ಜೊತೆ ನನ್ನ ಹೆಸರೂ ಹೋಯಿತು. ಹೋಗಲಿ ಬಿಡಿ. ಜೀಪ್ ಡ್ರೈವರ್ ಒಬ್ಬ ಉಳಿದಿದ್ದಾನಲ್ಲ, ಗುರುಗಳಲ್ಲದ ನಮ್ಮ ಪೈಕಿ.

ಹುಳವನ್ನು ಹಿಡಿದ ಜಾಗದಲ್ಲೇ ಬಿಟ್ಟು ನಡೆದೇ ಮನೆಗೆ ಹೊರಟೆವು. ಮುಸ್ಸಂಜೆ. ಎಷ್ಟೋ ವರ್ಷದ ಮೇಲೆ ಅವರು ನನ್ನ ಕೈ ಹಿಡಿದಿದ್ದರು. ನಮ್ಮ ಬೀದಿಯ ತಿರುವಿನ ಬೇಲಿಯ ಹತ್ತಿರ ಬಂದು ನಿಂತರು. ಕೈ ಬಿಡಲಿಲ್ಲ.

"ಈಗ ಹಾಡ್ತಿದೆಯಾ?"

"ಹೂಂ," ಅಂದೆ.

"ಹೇಗೆ? ಮಾಡಿ ತೋರಿಸು."

"ಥೂ, ಬೀದಿಯಲ್ಲಾ?"

"ಮಾಡೇ."

ಐವತ್ತು ದಾಟಿದ ಹೆಂಗಸು, ಬೀದಿ ಬದಿಯಲ್ಲಿ ನಿಂತು, ಹೋಗಿ ಬರುವವರ ಮುಂದೆ, ನಾಲಿಗೆ ಹಲ್ಲಿಗೆ ಒತ್ತಿ "ಚ್ರಿ, ಚ್ರಿ, ಚ್ರಿ, ಚ್ರಿ" ಅಂದೆ. ಹಾಲಿನ ಕ್ಯಾನ್ ಹೊತ್ತ ಸೈಕಲ್‌ನವನು ತಿರುಗಿ ತಿರುಗಿ ನೋಡಿಕೊಂಡು ಹೋದ. ಇವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ತಲೆ ಆಡಿಸಿದರು.

"ಹಾಗಲ್ವೇ. ಮೂರು ಚಿಕ್ಕದು. ಕೊನೇದನ್ನ ಎಳೀಬೇಕು."

ಕಿವುಡ ಗಂಡ ನನ್ನ ಸ್ವರ ತಿದ್ದುತ್ತಿದ್ದಾರೆ! ರೇಗೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬೇಲಿಯೊಳಗೆ ಅದು ಮತ್ತೆ ಶುರು ಮಾಡಿತು. ಜೀವಮಾನದಲ್ಲಿ ಮೊದಲ ಸಲ ನಾನು ನಿಂತು ಕೇಳಿದೆ. ಮೂರು ಚಿಕ್ಕದು. ಕೊನೆಯದನ್ನು ಎಳೆಯಿತು, ಅವರು ಹೇಳಿದ ಹಾಗೆಯೇ.